ಪಿಕಪ್ ಮುಂದಿನ ವೀಲ್ ಗುಂಯ್ ಅಂತಿದ್ಯಾ? ಬೇರಿಂಗ್, ಹಬ್ ಮನೆ ಮುಂದೇನೇ ಬದಲಾಯಿಸೋದು ಹೀಗೆ

ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ನಮ್ಮ ಪಿಕಪ್ ಮುಂದಿನ ಎಡಗಡೆಯಿಂದ ಒಂದು ಸೌಂಡ್ ಶುರುವಾಯ್ತು. 40ರಲ್ಲಿ ಹೋಗ್ತಿದ್ರೆ ಸಣ್ಣಗೆ ಗುಂಯ್ ಅನ್ನೋದು, 60 ದಾಟಿದ್ರೆ ಪಕ್ಕದಲ್ಲೇ ಅಕ್ಕಿ ಮಿಲ್ ಓಡ್ತಿದೆಯೇನೋ ಅನ್ನೋ ಹಂಗೆ. ಹಾಸನದಿಂದ ಶುಂಠಿ, ತರಕಾರಿ ಹಾಕ್ಕೊಂಡು ಶಿರಾಡಿ ಇಳಿದು ಮಂಗಳೂರಿಗೆ ಹೋಗೋ ಗಾಡಿ ಅದು, ಟೈರ್ ಸವೆದಿರಬೇಕು ಅಂದ್ಕೊಂಡು ಎರಡು ವಾರ ಹಂಗೇ ಓಡಿಸಿದೆ. ಆಮೇಲೆ ಒಂದು ಕಡೆ ತೋರಿಸಿದೆ, ಅವರು ಬೇರಿಂಗ್ ಹಾಕಿ ಅರ್ಧ ಗಂಟೇಲಿ ಕೈ ತೊಳ್ಕೊಂಡ್ರು. ಸರಿಯಾಗಿ ಮೂರನೇ ಟ್ರಿಪ್‌ಗೆ ಘಾಟ್ ಕೆಳಗೆ ನಿಲ್ಸಿ ನೋಡ್ತೀನಿ, ಹಬ್ (ವೀಲ್ ಕೂರೋ ಮಧ್ಯದ ಭಾಗ, ಬೇರಿಂಗ್ ಇದರೊಳಗೇ ಇರೋದು) ಮುಟ್ಟೋಕೇ ಆಗ್ತಿಲ್ಲ, ಗ್ರೀಸ್ ಕರಗಿ ರಿಮ್ ಮೇಲೆಲ್ಲಾ ಸೋರಿದೆ. ಬೇರಿಂಗ್ ಒಳ್ಳೇದೇ ಹಾಕಿದ್ರು, ನಟ್ ಮಾತ್ರ ಉದ್ದದ ಪೈಪ್ ಹಾಕಿ ಬಿಗಿದಿದ್ರು ಅಷ್ಟೆ. ಅವತ್ತಿಂದ ಈ ಕೆಲಸ ನಾನೇ ಮಾಡ್ಕೋತೀನಿ, ನಮ್ಮ ಭಾವ ಸ್ಪ್ಯಾನರ್ ಹಿಡ್ಕೊಂಡು ಜೊತೇಲಿರ್ತಾರೆ. ಮೊದಲ ಸಲಕ್ಕೆ ಅರ್ಧ ದಿನ ಹಿಡಿಯುತ್ತೆ, ಅವಸರದ ಕೆಲಸ ಅಲ್ಲ.

ಮೊದಲು ಸೌಂಡ್ ಬೇರಿಂಗ್‌ದೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ಟೈರ್ ಸೌಂಡ್ ಆದ್ರೆ ರೋಡ್ ಬದಲಾದಾಗ ಅದೂ ಬದಲಾಗುತ್ತೆ, ಕಾಂಕ್ರೀಟ್ ಮೇಲೆ ಒಂದು ತರ, ಹೊಸ ಟಾರ್ ಮೇಲೆ ಇನ್ನೊಂದು ತರ. ಬೇರಿಂಗ್ ಸೌಂಡ್‌ಗೆ ರೋಡ್ ಲೆಕ್ಕಕ್ಕಿಲ್ಲ, ಸ್ಪೀಡ್ ಹೆಚ್ಚಾದಂಗೆ ಹೆಚ್ಚಾಗುತ್ತೆ, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದ್ರೂ ಹೋಗಲ್ಲ. ಯಾವ ಕಡೇದು ಅಂತ ತಿಳಿಯೋಕೆ ಖಾಲಿ ರಸ್ತೇಲಿ ಮೆಲ್ಲಗೆ ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿ ನೋಡಿ. ಬಲಕ್ಕೆ ತಿರುಗಿಸಿದಾಗ ಭಾರ ಎಡಗಡೆ ವೀಲ್ ಮೇಲೆ ಬೀಳುತ್ತೆ, ಆಗ ಸೌಂಡ್ ಜೋರಾದ್ರೆ ಎಡಗಡೇದು. ಎಡಕ್ಕೆ ತಿರುಗಿಸಿದಾಗ ಜೋರಾದ್ರೆ ಬಲಗಡೇದು. ಹೆಚ್ಚಿನ ಸಲ ಇದು ಸರಿಯಾಗೇ ಹೇಳುತ್ತೆ, ಆದ್ರೂ ಇದನ್ನೊಂದೇ ನಂಬಿ ಅಂಗಡಿಗೆ ಓಡಬೇಡಿ.

ಜಾಕ್ ಹಾಕಿ ವೀಲ್ ನೆಲ ಬಿಡಿಸಿ, ಟೈರ್ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಪ್ಲೇ, ಅಂದ್ರೆ ಸಡಿಲ ಅಲುಗಾಟ, ಸಿಕ್ತಾ? ತಕ್ಷಣ ಬೇರಿಂಗ್ ಅನ್ಬೇಡಿ, ಸ್ಟೇರಿಂಗ್ ತಿರುಗಿಸಿದಾಗ ವೀಲ್ ತಿರುಗೋ ಕೀಲು, ಕಿಂಗ್ ಪಿನ್ನೋ ಬಾಲ್ ಜಾಯಿಂಟೋ, ನಿಮ್ಮ ಗಾಡೀಲಿ ಯಾವುದಿದೆಯೋ ಅದು ಹೋಗಿದ್ರೂ ಹಿಂಗೇ ಅಲ್ಲಾಡುತ್ತೆ. ಒಬ್ಬರನ್ನ ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯ ಆದ್ರೆ ಬೇರಿಂಗ್, ಒತ್ತಿದ್ರೂ ಅಲ್ಲಾಡ್ತಿದ್ರೆ ಕಿಂಗ್ ಪಿನ್ ಕಡೆ ನೋಡಿ. ಬ್ರೇಕ್ ಒತ್ತಿದಾಗ ಪ್ಯಾಡು ಡಿಸ್ಕನ್ನ ಹಿಡ್ಕೊಂಡು ಹಬ್ಬನ್ನೂ ನಕಲ್ಲನ್ನೂ (ಹಬ್ ಹಿಂದೆ ಇರೋ, ಸ್ಟೇರಿಂಗ್ ಜೊತೆ ತಿರುಗೋ ಭಾಗ) ಒಂದು ಮಾಡಿಬಿಡುತ್ತೆ, ಅದಕ್ಕೇ ಬೇರಿಂಗ್ ಪ್ಲೇ ಆಗ ಕಾಣಲ್ಲ. ಇನ್ನೊಂದು, ಒಂದು ಕೈ ನಕಲ್ ಮೇಲೆ ಇಟ್ಟು ಇನ್ನೊಂದು ಕೈಲಿ ವೀಲ್ ತಿರುಗಿಸಿ. ಹೋಗಿರೋ ಬೇರಿಂಗ್ ಕೈಗೆ ಗೊರಗೊರ ಅಂತ ತಿಳಿಯುತ್ತೆ, ಒಳಗೆ ಮರಳು ಹಾಕಿದಂಗೆ.

ಈಗ ಒಂದು ಮುಖ್ಯವಾದ ಮಾತು. ನಾನು ಇಲ್ಲಿ ಹೇಳೋದು ಬೊಲೆರೊ ಪಿಕಪ್ ತರದ ಟೂ ವೀಲ್ ಡ್ರೈವ್ ಗಾಡಿಗಳಲ್ಲಿ ಹೆಚ್ಚಾಗಿ ಸಿಗೋ ಹಳೇ ಕಾಲದ ವ್ಯವಸ್ಥೆ ಬಗ್ಗೆ. ಹಬ್ ಒಳಗೆ ಎರಡು ಟೇಪರ್ ರೋಲರ್ ಬೇರಿಂಗ್ (ರೋಲರ್‌ಗಳು ಓರೆಯಾಗಿ ಕೂತಿರೋ ತರದ್ದು), ಒಳಗಡೆ ದೊಡ್ಡದು ಹೊರಗಡೆ ಚಿಕ್ಕದು, ಹಿಂದೆ ಒಂದು ಆಯಿಲ್ ಸೀಲ್, ಮುಂದೆ ವಾಷರ್, ತಲೇಲಿ ಕಚ್ಚುಗಳಿರೋ ಕ್ಯಾಸಲ್ ನಟ್, ಆ ನಟ್ ತಿರುಗದಂಗೆ ಹಿಡಿಯೋ ಸ್ಪ್ಲಿಟ್ ಪಿನ್, ಮೇಲೊಂದು ಗ್ರೀಸ್ ಕ್ಯಾಪ್. ಕೆಲವು ಹೊಸ ಗಾಡಿಗಳಲ್ಲಿ ಹಬ್ಬೂ ಬೇರಿಂಗೂ ಸೇರಿ ಒಂದೇ ಯೂನಿಟ್ ಬರುತ್ತೆ, ಅದನ್ನ ಬಿಚ್ಚಿ ಗ್ರೀಸ್ ತುಂಬೋ ಹಂಗಿಲ್ಲ, ಪೂರ್ತಿ ಎತ್ತಿ ಹೊಸದು ಕೂರಿಸೋದು, ಅದರ ನಟ್ ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿಯೋ ಬಲದ ಅಳತೆ) ಗಟ್ಟಿಯಾಗಿ ಬಿಗಿಯಲೇಬೇಕು. ಟೇಪರ್ ಬೇರಿಂಗ್ ನಟ್ ಅದಕ್ಕೆ ಪೂರಾ ಉಲ್ಟಾ. ಯೂನಿಟ್ ನಟ್ ತರ ಟೇಪರ್ ನಟ್ ಗಟ್ಟಿ ಬಿಗಿದ್ರೆ ನನ್ನ ಗಾಡಿಗೆ ಆದಂಗೆ ಆಗುತ್ತೆ, ಟೇಪರ್ ನಟ್ ತರ ಯೂನಿಟ್ ನಟ್ ಸಡಿಲ ಬಿಟ್ರೆ ಇನ್ನೂ ಕೆಟ್ಟದು. ನಿಮ್ಮದು ಯಾವುದು ಅಂತ ಮೊದಲೇ ತಿಳ್ಕೊಳ್ಳಿ. ಫೋರ್ ವೀಲ್ ಡ್ರೈವ್ ಇದ್ರೆ ಮುಂದೆ ಆಕ್ಸಲ್ ಶಾಫ್ಟ್ ಬೇರೆ ಬರುತ್ತೆ, ಅದು ಈ ಬರಹಕ್ಕೆ ಸೇರಲ್ಲ.

ಸಾಮಾನು ತರೋಕೆ ಹೋದಾಗ ಹಳೇ ಬೇರಿಂಗ್ ಮೇಲಿನ ನಂಬರ್ ಬರ್ಕೊಂಡು ಹೋಗಿ, ಕೋನ್ ಮೇಲಿಂದೂ ಕಪ್ ಮೇಲಿಂದೂ ಎರಡೂ. ರೋಲರ್ ಇರೋ ಒಳಗಿನ ಭಾಗ ಕೋನ್, ಹಬ್‌ನಲ್ಲಿ ಗಟ್ಟಿಯಾಗಿ ಕೂತಿರೋ ಹೊರಗಿನ ಬಳೆ ಕಪ್. 30205, 30206 ಈ ತರ ಮೆಟ್ರಿಕ್ ನಂಬರ್ ಆದ್ರೆ ಕೊನೇ ಎರಡು ಅಂಕಿನ 5ರಿಂದ ಗುಣಿಸಿದ್ರೆ ಒಳಗಿನ ತೂತಿನ ಅಳತೆ ಬರುತ್ತೆ, 05 ಅಂದ್ರೆ 25 ಎಂಎಂ, 06 ಅಂದ್ರೆ 30. ಅಂಗಡಿಯವನು ಬೇರೆ ಏನೋ ಕೊಟ್ರೆ ಅಲ್ಲೇ ಹಿಡಿಬಹುದು. ಎಸ್‌ಕೆಎಫ್, ಟಿಮ್ಕೆನ್, ಎಫ್‌ಎಜಿ, ಎನ್‌ಬಿಸಿ ಯಾವುದಾದ್ರೂ ಆಗಲಿ, ಆದ್ರೆ ದೊಡ್ಡ ಬ್ರಾಂಡ್‌ಗಳ ಡಬ್ಬ ನಕಲಿ ಮಾಡಿ ಮಾರೋ ದಂಧೆ ಇದೆ, ಬಿಲ್ ಕೊಡೋ ಡೀಲರ್ ಹತ್ರಾನೇ ತಗೊಳ್ಳಿ. ಎರಡೂ ಬೇರಿಂಗ್ ಕಪ್ ಸಮೇತ, ಹೊಸ ಆಯಿಲ್ ಸೀಲ್, ಹೊಸ ಸ್ಪ್ಲಿಟ್ ಪಿನ್, ಲಿಥಿಯಂ ಗ್ರೀಸ್ ಅರ್ಧ ಕೆಜಿ. ಎಪಿ 3 ಅಂತ ಕೇಳಿದ್ರೆ ಗೊತ್ತಾಗುತ್ತೆ, ಘಾಟ್ ಇಳಿಯೋ ಗಾಡಿಗೆ ಲಿಥಿಯಂ ಕಾಂಪ್ಲೆಕ್ಸ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಬಿಸಿ ಜಾಸ್ತಿ ತಡ್ಕೊಳ್ಳುತ್ತೆ. ಕಮಾನ್ ಪಟ್ಟಿಗೆ ಹೊಡೆಯೋ ಅಗ್ಗದ ಚಾಸಿ ಗ್ರೀಸ್ ಇಲ್ಲಿ ಬೇಡ, ಬ್ರೇಕ್ ಬಿಸಿಗೆ ನೀರಾಗಿ ಹರಿಯುತ್ತೆ.

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲೆ, ಲೋಡ್ ಇರಬಾರದು. ಗೇರ್‌ನಲ್ಲಿ ಬಿಡಿ, ಹ್ಯಾಂಡ್ ಬ್ರೇಕ್ ಎಳೀರಿ, ಹಿಂದಿನ ಎರಡೂ ವೀಲ್‌ಗೆ ಹಿಂದೆ ಮುಂದೆ ಕಲ್ಲು ಕೊಡಿ. ವೀಲ್ ನಟ್ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕ್. ಜಾಕ್ ಮೇಲೆ ಭರವಸೆ ಇಟ್ಟು ಕೆಳಗೆ ಕೈ ಹಾಕ್ಬೇಡಿ, ಜಾಕ್ ಸ್ಟ್ಯಾಂಡ್ ತಗೊಳ್ಳಿ. ಇಲ್ಲಾಂದ್ರೆ ದಪ್ಪ ಮರದ ದಿಮ್ಮಿ ಅಡ್ಡಡ್ಡ ಜೋಡಿಸಿ, ಹಾಲೋ ಬ್ಲಾಕ್ ಮಾತ್ರ ಯಾವತ್ತೂ ಬೇಡ, ಅದು ಬಿರುಕು ಬಿಡೋ ಮುಂಚೆ ಹೇಳಲ್ಲ.

ವೀಲ್ ತೆಗೆದ ಮೇಲೆ ಬ್ರೇಕ್ ಪ್ಯಾಡ್ ಹಿಡ್ಕೊಂಡಿರೋ ಕ್ಯಾಲಿಪರ್ ಬಿಚ್ಚಿ, ಪಕ್ಕಕ್ಕೆ ಸರಿಸಿ, ಬೈಂಡಿಂಗ್ ತಂತೀಲಿ ಮೇಲಕ್ಕೆ ಕಟ್ಟಿ. ಬ್ರೇಕ್ ಹೋಸ್ ಮೇಲೆ ನೇತಾಡಿಸಬಾರದು, ಒಳಗೆ ಹರಿದ್ರೆ ಹೊರಗೆ ಕಾಣಲ್ಲ. ಗ್ರೀಸ್ ಕ್ಯಾಪನ್ನ ಉಳಿ ತಗೊಂಡು ಸುತ್ತ ಸ್ವಲ್ಪ ಸ್ವಲ್ಪವೇ ತಟ್ಟಿ ತೆಗೀರಿ, ಒಂದೇ ಕಡೆ ಹೊಡೆದ್ರೆ ಜಜ್ಜಿ ಹೋಗುತ್ತೆ, ಆಮೇಲೆ ಮಳೆ ನೀರು ಅಲ್ಲಿಂದಲೇ ಒಳಗೆ. ಸ್ಪ್ಲಿಟ್ ಪಿನ್ ಎಳೆದು ಬಿಸಾಕಿ. ನಟ್ ಬಿಚ್ಚಿ. ಹಬ್ಬನ್ನ ಒಂದಿಂಚು ಮುಂದಕ್ಕೆ ಎಳೆದು ಮತ್ತೆ ಹಿಂದಕ್ಕೆ ತಳ್ಳಿ, ವಾಷರೂ ಹೊರಗಿನ ಬೇರಿಂಗೂ ತಾನೇ ಮುಂದಕ್ಕೆ ಬರುತ್ತೆ, ಕೈಯಲ್ಲಿ ಹಿಡೀರಿ ಮಣ್ಣಿಗೆ ಬೀಳೋದು ಬೇಡ. ಆಮೇಲೆ ಪೂರ್ತಿ ಹಬ್ ಎಳೀರಿ, ಡಿಸ್ಕ್ ಹಬ್‌ಗೆ ಬೋಲ್ಟ್ ಆಗಿದ್ರೆ ಅದೂ ಜೊತೇಲೇ ಬರುತ್ತೆ, ಭಾರ ಇರುತ್ತೆ, ಕಾಲು ಹುಷಾರು.

ಹಳೇ ಬೇರಿಂಗನ್ನ ಒರೆಸಿ ಬೆಳಕಲ್ಲಿ ಹಿಡಿದು ನೋಡಿ, ಇದು ನನಗೆ ಇಷ್ಟದ ಭಾಗ. ನೀಲಿಯೋ ಕಂದೋ ಬಣ್ಣ ತಿರುಗಿದ್ರೆ ಬಿಸಿಯಿಂದ ಸತ್ತಿದೆ, ಅಂದ್ರೆ ನಟ್ ಜಾಸ್ತಿ ಟೈಟ್ ಇತ್ತು ಅಥವಾ ಗ್ರೀಸ್ ಇರಲಿಲ್ಲ. ಕಪ್ ಮೇಲೆ ರೋಲರ್ ಎಷ್ಟೆಷ್ಟು ದೂರಕ್ಕಿದೆಯೋ ಅಷ್ಟಷ್ಟು ದೂರಕ್ಕೆ ತುಕ್ಕಿನ ಅಡ್ಡ ಗೆರೆ ಇದ್ರೆ ನೀರು ಹೋಗಿ ಗಾಡಿ ನಿಂತಲ್ಲೇ ನಿಂತಿತ್ತು ಅಂತ ಅರ್ಥ. ನನ್ನ ಮೊದಲನೇ ಬೇರಿಂಗ್‌ನಲ್ಲಿ ಇದ್ದಿದ್ದು ಅದೇ, ತುಂಬಿದ ಹಳ್ಳದಲ್ಲಿ ಗಾಡಿ ದಾಟಿಸಿ ಮನೆಗೆ ಬಂದು ಹತ್ತು ದಿನ ನಿಲ್ಲಿಸಿದ್ದೆ. ಬಿಸಿಯಾಗಿದ್ದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸವೆದ ಸೀಲ್ ಸಂದಿಂದ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಪದರ ಎದ್ದು ಚಿಪ್ಪು ಚಿಪ್ಪಾಗಿ ಕಿತ್ತು ಬಂದಿದ್ರೆ ಓಡಿ ಓಡಿ ಸುಸ್ತಾಗಿದೆ ಅಥವಾ ಓವರ್ ಲೋಡ್. ರೋಲರ್ ಬೇರಿಂಗ್ ಮೇಲೆ ಭಾರ ಎರಡು ಪಟ್ಟು ಆದ್ರೆ ಆಯಸ್ಸು ಅರ್ಧ ಆಗಲ್ಲ, ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. 20 ಪರ್ಸೆಂಟ್ ಜಾಸ್ತಿ ಭಾರ ಬಿದ್ರೇನೇ ಹತ್ತಿರ ಹತ್ತಿರ ಅರ್ಧ ಹೋಯ್ತು. ಇನ್ನೆರಡು ಮೂಟೆ ಹಾಕಣ್ಣ ಅನ್ನೋರಿಗೆ ಈ ಲೆಕ್ಕ ಹೇಳಿ ನೋಡಿದ್ದೀನಿ, ನಗ್ತಾರೆ ಅಷ್ಟೆ.

ಕೋನ್ ಮಾತ್ರ ಬದಲಾಯಿಸಿ ಕಪ್ ಹಂಗೇ ಬಿಡೋದು ನಮ್ಮ ಕಡೆ ನಡೆಯೋ ದೊಡ್ಡ ಕಳ್ಳಾಟ. ಕಪ್ ತೆಗೆಯೋದು ಕಷ್ಟ, ಗಿರಾಕಿಗೆ ಕಾಣಲ್ಲ, ಅದಕ್ಕೆ. ಹೊಸ ರೋಲರ್ ಸವೆದ ಕಪ್ ಮೇಲೆ ಓಡಿದ್ರೆ ಸ್ವಲ್ಪ ದಿನಕ್ಕೇ ಮತ್ತೆ ಗುಂಯ್. ಹಿಂದಿನ ಆಯಿಲ್ ಸೀಲನ್ನ ಕಿತ್ತು ಒಳಗಿನ ಬೇರಿಂಗ್ ತೆಗೆದ ಮೇಲೆ ಹಬ್ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಕಪ್ ಅಂಚು ಸ್ವಲ್ಪ ಕಾಣುತ್ತೆ, ಹೆಚ್ಚಿನ ಹಬ್‌ಗಳಲ್ಲಿ ಪಂಚ್ ಹಿಡಿಯೋಕೆ ಅಂತಲೇ ಎದುರು ಬದುರು ಎರಡು ಕಚ್ಚು ಇರುತ್ತೆ. ಅಲ್ಲಿ ಹಿತ್ತಾಳೆ ಕಡ್ಡಿ ಇಟ್ಟು ಆ ಕಡೆ ಒಂದೇಟು ಈ ಕಡೆ ಒಂದೇಟು ಹಾಕ್ತಾ ನೇರವಾಗಿ ಇಳಿಸಿ. ಒಂದೇ ಕಡೆ ಹೊಡೆದ್ರೆ ಓರೆಯಾಗಿ ಕಚ್ಚಿಕೊಂಡು ಹಬ್ ಒಳಮೈ ಗೀರುತ್ತೆ. ಕಣ್ಣಿಗೆ ಕನ್ನಡಕ ಹಾಕಿ, ಬೇರಿಂಗ್ ಸ್ಟೀಲ್ ಗಾಜಿನ ತರ ಸಿಡಿಯುತ್ತೆ.

ಕಪ್ ಬಿಚ್ಚುವಾಗ ಸುತ್ತಿಗೇನೇ ಬೇಡ, ಕೈಯಲ್ಲೇ ಬಂತು ಅಂದ್ರೆ ಖುಷಿ ಪಡಬೇಡಿ, ಹಬ್ ಹೋಗಿದೆ. ಕಪ್ ಹಬ್ ಒಳಗೆ ಸುತ್ತಿ ಸುತ್ತಿ ಕೂರೋ ಜಾಗ ಸವೆದಿದೆ. ಇದಕ್ಕೆ ನಾಟಿ ಔಷಧ ಅಂದ್ರೆ ಒಳಗೆಲ್ಲಾ ಸೆಂಟರ್ ಪಂಚ್‌ನಲ್ಲಿ ಚುಕ್ಕಿ ಹೊಡೆದು ಕಪ್ ಹಿಡಿಸೋದು, ಕೆಲವರು ವೆಲ್ಡಿಂಗ್ ಟಚ್ ಕೊಡ್ತಾರೆ. ಎರಡೂ ಬೇಡ. ಆ ಚುಕ್ಕಿ ತುದಿಗಳು ನಾಲ್ಕು ದಿನಕ್ಕೆ ಚಪ್ಪಟೆಯಾಗುತ್ತೆ, ವೆಲ್ಡಿಂಗ್ ಬಿಸಿಗೆ ಬೇರಿಂಗ್ ಹದ ಹೋಗುತ್ತೆ, ಮುಂದಿನ ವೀಲ್ ಇದು ಸ್ವಾಮಿ, ಹೊಸ ಹಬ್ ಹಾಕಿ. ಹೊಸ ಹಬ್‌ಗೆ ಡಿಸ್ಕ್ ವರ್ಗಾಯಿಸುವಾಗ ಎರಡೂ ಮುಖಾನ ತಂತಿ ಬ್ರಷ್ ಹಾಕಿ ಉಜ್ಜಿ, ಮಧ್ಯೆ ತುಕ್ಕಿನ ಒಂದು ಚಕ್ಕೆ ಸಿಕ್ಕಿಹಾಕಿಕೊಂಡ್ರೂ ಡಿಸ್ಕ್ ಓರೆಯಾಗಿ ಬ್ರೇಕ್ ಹಿಡಿದಾಗ ಪೆಡಲ್ ನಡುಗುತ್ತೆ. ಡಿಸ್ಕ್ ಬೋಲ್ಟ್‌ಗಳನ್ನ ಎದುರು ಬದುರಾಗಿ ಬಿಗೀರಿ. ವೀಲ್ ಸ್ಟಡ್ ಥ್ರೆಡ್ ಕೂಡ ನೋಡ್ಕೊಳ್ಳಿ.

ಹಬ್ ಕೂರೋ ಸ್ಟಬ್ ಆಕ್ಸಲ್ಲನ್ನ ಸೀಮೆಎಣ್ಣೆ ಇಲ್ಲಾ ಡೀಸೆಲ್‌ನಲ್ಲಿ ಒರೆಸಿ, ಹೊಸ ಕೋನನ್ನ ಬರೀ ಕೈಲಿ ತೂರಿಸಿ ನೋಡಿ. ಜಾರಿಕೊಂಡು ಹೋಗ್ಬೇಕು, ಆದ್ರೆ ಲೊಡಲೊಡ ಅನ್ನಬಾರದು. ಗೀರಿದ್ರೆ, ನೀಲಿಯಾಗಿದ್ರೆ ಅದೂ ಹೋಗಿದೆ ಅಂತ ಲೆಕ್ಕ, ಅಲ್ಲಿಗೆ ನಿಲ್ಸಿ ಗೊತ್ತಿರೋರಿಗೆ ತೋರಿಸಿ. ತೊಳೆದ ಬೇರಿಂಗನ್ನ ಏರ್ ಹೊಡೆದು ಗಿರಗಿರ ತಿರುಗಿಸೋ ಚಟ ಕೆಲವರಿಗಿದೆ, ರೋಲರ್ ಎಗರಿದ್ರೆ ಕಣ್ಣು ಹೋಗುತ್ತೆ.

ಹೊಸ ಕಪ್ ಹಾಕೋಕೆ ನಮ್ಮನೇಲಿ ಒಂದು ಉಪಾಯ ಮಾಡ್ತೀವಿ, ಹಿಂದಿನ ರಾತ್ರಿ ಕಪ್‌ಗಳನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಇಡೋದು. ಮನೆಯವಳು ಮೀನು ಪಕ್ಕ ಇದೇನ್ರೀ ಅಂತಾಳೆ, ಅನ್ನಲಿ. ತಣ್ಣಗಾದ ಕಬ್ಬಿಣ ಒಂದು ಕೂದಲಷ್ಟು ಕುಗ್ಗಿರುತ್ತೆ, ಹಬ್ಬನ್ನ ಬಿಸಿಲಲ್ಲಿ ಇಟ್ಟಿದ್ರೆ ಇನ್ನೂ ಸಲೀಸು. ದಪ್ಪ ಅಂಚು ಒಳಗಡೆಗೆ, ಅಗಲವಾದ ಬಾಯಿ ಹೊರಗಡೆಗೆ ಬರಬೇಕು. ಹಳೇ ಕಪ್ಪನ್ನ ಅದರ ಮೇಲೆ ಉಲ್ಟಾ ಇಟ್ಟು ತಟ್ಟಿ, ಆದ್ರೆ ಮೊದಲೇ ಗ್ರೈಂಡರ್‌ನಲ್ಲಿ ಹಳೇ ಕಪ್‌ಗೆ ಒಂದು ಕಡೆ ಸೀಳು ಕೊಟ್ಟಿರಬೇಕು, ಇಲ್ಲಾಂದ್ರೆ ಅದೂ ಒಳಗೆ ಕೂತು ಬರಲ್ಲ ಅನ್ನುತ್ತೆ. ತಟ್ತಾ ಇದ್ದಂಗೆ ಸದ್ದು ಕೇಳ್ತಾ ಇರಿ, ಇಳಿಯೋವರೆಗೂ ಒಂದು ತರ, ತಳ ಮುಟ್ಟಿದ ತಕ್ಷಣ ಸದ್ದು ಗಟ್ಟಿಯಾಗಿ ಠಣ್ ಅಂತ ಬದಲಾಗುತ್ತೆ. ಪೂರ್ತಿ ಕೂರದ ಕಪ್ಪು ನೂರು ಕಿಲೋಮೀಟರ್ ಓಡಿದ ಮೇಲೆ ತಾನೇ ಕೂರುತ್ತೆ, ಆಗ ನೀವು ಸೆಟ್ ಮಾಡಿದ ನಟ್ ಲೂಸ್.

ಗ್ರೀಸ್ ಹಾಕೋದು ಅಂದ್ರೆ ಮೇಲೆ ಬಳಿಯೋದಲ್ಲ. ಎಡಗೈ ಅಂಗೈ ಮೇಲೆ ಒಂದು ದೊಡ್ಡ ಮುದ್ದೆ ಗ್ರೀಸ್, ಬಲಗೈಲಿ ಬೇರಿಂಗ್ ಹಿಡಿದು ಅಗಲದ ಕಡೆ ಅಂಚನ್ನ ಅಂಗೈಗೆ ಒತ್ತಿ ಒತ್ತಿ ಎಳೀರಿ, ಚಿಕ್ಕ ತುದಿಯಿಂದ ಗ್ರೀಸ್ ಶಾವಿಗೆ ತರ ಹೊರಗೆ ಬರೋವರೆಗೂ, ಹಂಗೇ ತಿರುಗಿಸ್ತಾ ಸುತ್ತಲೂ. ಹಬ್ ಒಳಗೆ ಎರಡು ಬೇರಿಂಗ್ ನಡುವಿನ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಸಾಕು. ಪೂರ್ತಿ ತುರುಕಿದ್ರೆ ಕಡೆದು ಕಡೆದು ಬಿಸಿಯಾಗಿ ಸೀಲ್ ತಳ್ಳಿಕೊಂಡು ಡಿಸ್ಕ್ ಮೇಲೆ ಬರುತ್ತೆ. ಹಳೇ ಗ್ರೀಸ್ ಜೊತೆ ಹೊಸದು ಬೆರೆಸಬೇಡಿ. ಒಳಗಿನ ಬೇರಿಂಗ್ ಇಟ್ಟು, ಸೀಲನ್ನ ಸ್ಪ್ರಿಂಗ್ ಇರೋ ಕಡೆ ಬೇರಿಂಗ್ ಕಡೆಗೆ ಬರೋ ಹಂಗೆ ಮರದ ತುಂಡು ಅಡ್ಡ ಇಟ್ಟು ಸಮನಾಗಿ ತಟ್ಟಿ, ತುಟಿಗೆ ಸ್ವಲ್ಪ ಗ್ರೀಸ್ ಸವರಿ.

ಹಬ್ಬನ್ನ ಆಕ್ಸಲ್ ಮೇಲೆ ನೇರವಾಗಿ ತಳ್ಳಿ, ಸೀಲ್ ತುಟಿ ಥ್ರೆಡ್‌ಗೆ ತಗುಲಿ ಹರಿಯಬಾರದು. ಹೊರಗಿನ ಬೇರಿಂಗ್, ವಾಷರ್, ನಟ್. ಇಲ್ಲಿಂದ ನಿಧಾನ. ಹಬ್ಬನ್ನ ಒಂದು ಕೈಲಿ ತಿರುಗಿಸ್ತಾನೇ ಇನ್ನೊಂದು ಕೈಲಿ ನಟ್ ಬಿಗೀರಿ, ಮುಂದಕ್ಕೂ ತಿರುಗಿಸಿ ಹಿಂದಕ್ಕೂ ತಿರುಗಿಸಿ, ತಿರುಗೋದು ಬಿಗಿ ಆಯ್ತು ಅನ್ನಿಸೋವರೆಗೆ. ಟಾರ್ಕ್ ರೆಂಚ್ ಇದ್ದು ನಿಮ್ಮ ಗಾಡಿ ಮ್ಯಾನ್ಯುಯಲ್ ಸಿಕ್ಕಿದ್ರೆ ಅದರಲ್ಲಿರೋದೇ ಮಾಡಿ, ಇಲ್ಲಾಂದ್ರೆ ಮಾಮೂಲಿ ಸ್ಪ್ಯಾನರ್‌ನಲ್ಲಿ ಒಂದು ಕೈ ಬಲ, 25ರಿಂದ 30 ನ್ಯೂಟನ್ ಮೀಟರ್ ಅಷ್ಟು. ಪೈಪ್ ಗೀಪ್ ಬೇಡ. ಇದು ರೋಲರ್‌ಗಳು ತಮ್ಮ ಜಾಗದಲ್ಲಿ ಕೂರ್ಲಿ, ನಡುವಿನ ಹೆಚ್ಚಿನ ಗ್ರೀಸ್ ಹೊರಗೆ ಹೋಗ್ಲಿ ಅಂತ ಅಷ್ಟೆ. ಆಮೇಲೆ ನಟ್ಟನ್ನ ಕಾಲು ಸುತ್ತಿಂದ ಅರ್ಧ ಸುತ್ತು ಪೂರ್ತಿ ಸಡಿಲ ಮಾಡಿ, ಸ್ಪ್ಯಾನರ್ ಕೆಳಗಿಟ್ಟು ಬರೀ ಬೆರಳಲ್ಲಿ ಎಷ್ಟಾಗುತ್ತೋ ಅಷ್ಟು ಟೈಟ್ ಮಾಡಿ. ಸ್ಪ್ಲಿಟ್ ಪಿನ್ ತೂತು ಸರಿಯಾಗಿ ಎದುರಿಗೆ ಬಂದ್ರೆ ಅದೃಷ್ಟ, ಬರಲಿಲ್ಲ ಅಂದ್ರೆ ಸಡಿಲ ಮಾಡೋ ಕಡೆಗೇ ಹತ್ತಿರದ ಕಚ್ಚಿಗೆ ತನ್ನಿ, ಬಿಗಿ ಮಾಡೋ ಕಡೆಗೆ ಹೋಗಬೇಡಿ.

ಟೇಪರ್ ಬೇರಿಂಗ್‌ಗೆ ಚೂರು ಪ್ಲೇ ಬೇಕು, 0.025ರಿಂದ 0.125 ಎಂಎಂ ಒಳಗೆ. ಡಯಲ್ ಗೇಜ್ ಇದ್ರೆ ಅಳೀಬಹುದು, ನನ್ನ ಹತ್ರ ಇಲ್ಲ. ಕೈ ಲೆಕ್ಕ ಅಂದ್ರೆ, ನಟ್ ಹಿಂದಿನ ವಾಷರನ್ನ ಸ್ಕ್ರೂಡ್ರೈವರ್ ತುದೀಲಿ ಮೆಲ್ಲಗೆ ತಳ್ಳಿದ್ರೆ ಅದು ಸರಿಯಬೇಕು, ಸ್ಕ್ರೂಡ್ರೈವರ್ ಮೀಟಿ ಎಬ್ಬಿಸಬೇಕಾದ್ರೆ ನಟ್ ಟೈಟ್ ಆಗಿದೆ. ಹಬ್ ಹಿಡಿದು ಅಲ್ಲಾಡಿಸಿದ್ರೆ ಇದೆಯೋ ಇಲ್ವೋ ಅನ್ನೋಷ್ಟು ಮಾತ್ರ ಅಲುಗಬೇಕು. ಬಿಸಿಯಾದಾಗ ಎಲ್ಲಾ ಹಿಗ್ಗಿ ಆ ಜಾಗ ಮುಚ್ಚಿಕೊಳ್ಳುತ್ತೆ, ತಣ್ಣಗಿದ್ದಾಗಲೇ ಜಾಗ ಇಲ್ಲದಿದ್ರೆ ಶಿರಾಡಿ ಅರ್ಧ ಇಳಿಯೋದ್ರೊಳಗೆ ಒಂದಕ್ಕೊಂದು ಒತ್ತಿ ಬಿಸಿ ಹೆಚ್ಚಾಗಿ, ಬಿಸಿ ಹೆಚ್ಚಾಗಿದ್ದಕ್ಕೆ ಇನ್ನೂ ಒತ್ತಿ, ಕೊನೆಗೆ ಸುಟ್ಟೇ ನಿಲ್ಲೋದು. ಮೂರನೇ ಟ್ರಿಪ್‌ನಲ್ಲಿ ನನಗೆ ಆಗಿದ್ದು ಇದೇ. ಸ್ವಲ್ಪ ಲೂಸ್ ಇದ್ರೆ ಒಂದು ಸೌಂಡ್ ಬಂದು ಹೇಳುತ್ತೆ, ಜಾಸ್ತಿ ಟೈಟ್ ಇದ್ರೆ ಏನೂ ಹೇಳಲ್ಲ.

ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲು ಮಡಚಿ, ಕ್ಯಾಪ್ ತಟ್ಟಿ ಕೂರಿಸಿ. ಡಿಸ್ಕ್ ಮೇಲೆ ಬೆರಳಿನ ಗ್ರೀಸ್ ಕೂಡ ಉಳಿಯದಂಗೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಕ್ಯಾಲಿಪರ್ ಬೋಲ್ಟ್ ಗಟ್ಟಿಯಾಗಿ ಬಿಗೀರಿ, ವೀಲ್ ಹಾಕಿ ನಟ್‌ಗಳನ್ನ ಎದುರು ಬದುರಾಗಿ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ ಹೊರಡೋ ಮುಂಚೆ ನಿಂತಲ್ಲೇ ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ. ಕ್ಯಾಲಿಪರ್ ಬಿಚ್ಚಿ ಹಾಕಿದಾಗ ಪಿಸ್ಟನ್ ಹಿಂದೆ ಸರಿದಿರುತ್ತೆ, ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತೆ ಬ್ರೇಕ್ ಹಿಡಿಯಲ್ಲ. ನಮ್ಮ ಭಾವ ಇದನ್ನ ಮರೆತು ಹಿತ್ತಲಿನ ಬಾಳೆಗಿಡಕ್ಕೆ ಗುದ್ದಿದ್ದಾರೆ, ಗೊನೆ ಬಂದಿತ್ತು ಪಾಪ.

ಖಾಲಿ ಗಾಡೀಲಿ 10-15 ಕಿಲೋಮೀಟರ್ ಓಡಿಸಿ, ಬ್ರೇಕ್ ಜಾಸ್ತಿ ಬಳಸದೆ ಬಂದು ನಿಲ್ಸಿ, ಎರಡೂ ಕಡೆ ಹಬ್ ಮೇಲೆ ಹುಷಾರಾಗಿ ಕೈ ಇಟ್ಟು ನೋಡಿ. ಎರಡೂ ಒಂದೇ ತರ ಬೆಚ್ಚಗಿದ್ರೆ ಸರಿ. ಹೊಸದು ಮಾಡಿದ ಕಡೆ ಮಾತ್ರ ಕೈ ಇಡೋಕಾಗದಷ್ಟು ಬಿಸಿ ಇದ್ರೆ ಕ್ಯಾಪ್ ತೆಗೆದು ನಟ್ ಒಂದು ಕಚ್ಚು ಸಡಿಲ ಮಾಡಿ ಮತ್ತೆ ಓಡಿಸಿ ನೋಡಿ. 50-100 ಕಿಲೋಮೀಟರ್ ಆದ ಮೇಲೆ ವೀಲ್ ನಟ್ ಇನ್ನೊಂದ್ಸಲ ಬಿಗೀರಿ, ಒಂದು ಲೋಡ್ ಟ್ರಿಪ್ ಆದ ಮೇಲೆ ಜಾಕ್ ಹಾಕಿ ಪ್ಲೇ ನೋಡಿ, ಹೆಚ್ಚಾಗಿದ್ರೆ ಮತ್ತೆ ಅದೇ ಬೆರಳ ಲೆಕ್ಕದಲ್ಲಿ ಸೆಟ್ ಮಾಡಿ. ಹಬ್ ಮುಳುಗೋಷ್ಟು ನೀರಲ್ಲಿ ಗಾಡಿ ಇಳಿದಿದ್ರೆ ಆ ವಾರದಲ್ಲೇ ಬಿಚ್ಚಿ ಗ್ರೀಸ್ ನೋಡಿ, ಹಾಲು ಬೆರೆಸಿದಂಗೆ ಬೆಳ್ಳಗಾಗಿದ್ರೆ ತೊಳೆದು ಹೊಸದು ತುಂಬಿ. ಸೀಳು ಕೊಟ್ಟ ಹಳೇ ಕಪ್‌ಗಳನ್ನ ಗುಜರಿಗೆ ಹಾಕ್ಬೇಡಿ, ಸೀಟಿನ ಹಿಂದೆ ಟೂಲ್ ಬ್ಯಾಗಲ್ಲಿ ಇಟ್ಕೊಳ್ಳಿ, ಬಲಗಡೇದು ಮಾಡುವಾಗ ಬೇಕಾಗುತ್ತೆ.